ವೈನಿ ತೆಗೆದುಕೊಂಡದ್ದು ಬರೀ ಅಡಿಕೆ

ನೀವು ತಪ್ಪು ಓದಿರಲಿಲ್ಲ, ಪದ್ಮಾ ವೈನಿ. ಆ ದಿನ ಮೂಡಲಗಿಯ ನಿಮ್ಮ ಔಷಧದ ಅಂಗಡಿಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಏನಿತ್ತೋ ಅದನ್ನೇ ಓದಿ ಹೇಳಿದಿರಿ. ಸುಳ್ಳು ಹೇಳಿದ್ದು ಪರದೆ. ಆಮೇಲೆ ಆ ಸುಳ್ಳನ್ನು ಗುರುತು ಸಿಗದಂತೆ ಅಳಿಸಿದ್ದು ನಾನು — ಗೋಕಾಕಿನಲ್ಲಿ ಕೂತು, ನನ್ನ ಕೈಯಿಂದ, ಬೇಕೆಂದೇ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಅಂದಿನಿಂದ ನೀವು ನಿಮ್ಮ ಕಣ್ಣುಗಳನ್ನೇ ದೂರುತ್ತ ಬದುಕಿದ್ದೀರಿ. ನಾನು ದೂರದಿಂದ ಅದನ್ನು ನೋಡುತ್ತ ಬದುಕಿದ್ದೇನೆ.

ಇದನ್ನು ನಿಮಗೊಬ್ಬರಿಗೇ ಪತ್ರವಾಗಿ ಬರೆಯಬಹುದಿತ್ತು. ಹಾಗೆ ಮಾಡಿದರೆ ಇದು ಇನ್ನೊಂದು ಗುಟ್ಟಾಗುತ್ತದೆ, ಅಷ್ಟೆ. ನಿಮ್ಮ ಹೆಸರಿಗೆ ಮಸಿ ಹತ್ತಿದ್ದು ನಾಲ್ಕು ಜನರ ಬಾಯಲ್ಲಿ. ಅದನ್ನು ಒರೆಸುವುದಾದರೂ ನಾಲ್ಕು ಜನರೆದುರೇ ಆಗಬೇಕು. ನಮ್ಮನ್ನು ಅರಿಯದವರೂ ಓದುತ್ತಾರೆ, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ — ವೈನಿ ಎಂದರೆ ಅತ್ತಿಗೆ, ನೆಂಟಸ್ತಿಕೆ ಇಲ್ಲದಿದ್ದರೂ ನಾನು ನಿಮ್ಮನ್ನು ಹಾಗೆ ಕರೆಯುತ್ತಿದ್ದೆ ಎಂಬುದನ್ನೂ. ತಾಳಿಕೊಳ್ಳಿ.

ಇನ್ನೊಂದು ಮಾತು. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಆ ದಿನ ಮಳೆ ಸುರಿಯುತ್ತಿತ್ತು ಎಂದು ಬರೆಯಲು ಹೊರಟಿದ್ದೆ — ಇಂಥ ಸಂಗತಿಗೆ ಮಳೆ ಒಪ್ಪುತ್ತದೆ. ಆದರೆ ಜೀಪಿನ ಹಿಂದೆ ಧೂಳು ಎದ್ದದ್ದೂ ಕಣ್ಣ ಮುಂದಿದೆ. ಎರಡರಲ್ಲಿ ಒಂದು ನಾನು ಆಮೇಲೆ ಸೇರಿಸಿದ್ದು. ಯಾವುದು ಎಂದು ತಿಳಿಯದೆಯೇ ಮುಂದೆ ಹೋಗುತ್ತೇನೆ.

ನಾನು ಗೋಕಾಕಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಎಲ್ಲರ ಬಾಯಲ್ಲೂ ಮಾಸ್ತರ. ಟೈಪ್‌ರೈಟರುಗಳ ಸಾಲಿನ ಕೊನೆಗೆ ಕಂಪ್ಯೂಟರೂ ಬಂದು ಕೂತ ಕಾಲ. ಫ್ಲಾಪಿಗಳ ಕೊನೆಯ ವರ್ಷಗಳು. ಮಳೆಗಾಲ ಬಂತೆಂದರೆ ಕಬ್ಬಿನ ಗದ್ದೆಗಳಲ್ಲಿ, ಮೇವಿನ ಬಣವೆಗಳಲ್ಲಿ ಹಾವು ಕಡಿಯುವುದು ಹೆಚ್ಚುತ್ತಿತ್ತು. ಹಾವಿನ ಇಂಜೆಕ್ಷನ್ ಎಲ್ಲ ಕಡೆ ಸಿಗುತ್ತಿರಲಿಲ್ಲ. ಸಿಕ್ಕಲ್ಲಿ ಬೇಗ ಮುಗಿಯುತ್ತಿತ್ತು. ಜನ ಕಡಿಸಿಕೊಂಡವನನ್ನು ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಅದಕ್ಕೆಂದೇ ನಾವು ಮೂರು ಕಡೆಯವರು ಸೇರಿದೆವು: ಮೂಡಲಗಿಯಲ್ಲಿ ನಿಮ್ಮ ಅಂಗಡಿ, ಗೋಕಾಕಿನಲ್ಲಿ ನನ್ನ ಕ್ಲಾಸಿನ ಎದುರಿನ ಡಾಕ್ಟರ ದವಾಖಾನೆ, ಹುಕ್ಕೇರಿಯಲ್ಲಿ ಇನ್ನೊಬ್ಬ ಡಾಕ್ಟರದು. ಯಾವ ಊರಿನಲ್ಲಿ ಇಂಜೆಕ್ಷನ್ ಇದೆ, ಯಾವ ಊರಿನಲ್ಲಿ ಇಲ್ಲ — ಇಷ್ಟನ್ನು ಮೂರೂ ಕಡೆ ಪರದೆಯ ಮೇಲೆ ತೋರಿಸಬೇಕು.

ಅದಕ್ಕೆ ಬೇಕಾದ ಪ್ರೋಗ್ರಾಮು ಬರೆದವನು ಶ್ರೀಕಾಂತ. ಅಂಕಲಗಿಯವನು, ನನ್ನ ಕ್ಲಾಸಿನಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದ. ಕಲಿಸುವುದಕ್ಕೆ ಪಗಾರ ಇತ್ತು. ಈ ಪ್ರೋಗ್ರಾಮಿಗೆ ಯಾರೂ ಏನೂ ಕೊಡಲಿಲ್ಲ, ಅವನೂ ಕೇಳಲಿಲ್ಲ. ಪಾಠ ಮುಗಿದ ಮೇಲೆ, ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡು ಕೂತು ಬರೆದದ್ದು.

ಮೂರು ಕಂಪ್ಯೂಟರುಗಳ ನಡುವೆ ತಂತಿ ಇರಲಿಲ್ಲ. ಬಸ್ಸು ಇತ್ತು. ಮೂರೂ ಊರಿನ ಲೆಕ್ಕ ಒಂದೇ ಫ್ಲಾಪಿಯಲ್ಲಿ ಊರಿಂದ ಊರಿಗೆ ತಿರುಗುತ್ತಿತ್ತು. ಪ್ರತಿ ಊರಿನವರು ತಮ್ಮ ಸಾಲನ್ನು ತಿದ್ದಿ, ಹೊಸ ಫ್ಲಾಪಿಗೆ ಹಾಕಿ, ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಎಲ್ಲವೂ ನನ್ನ ಕ್ಲಾಸಿನ ಮೇಲಿಂದಲೇ ಹಾಯಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಕಿಸೆಯಿಂದ ತೆಗೆದು ಕೂಗುತ್ತಿದ್ದರು: “ಮಾಸ್ತರ, ನಿಮ್ಮ ಹಾವು ಬಂದೈತಿ, ಹಿಡ್ಕೋರಿ!”

ನಾವೆಲ್ಲ ನಗುತ್ತಿದ್ದೆವು.

ಪರದೆಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಕಂಡುಹಿಡಿದವರು ನೀವು. ಮುಗಿದುಹೋದ ಇಂಜೆಕ್ಷನ್ ಒಮ್ಮೊಮ್ಮೆ ಮತ್ತೆ ‘ಇದೆ’ ಎಂದು ಕಾಣಿಸಿಕೊಳ್ಳುತ್ತಿತ್ತು. ಹೊಸದಾಗಿ ಬಂದದ್ದು ಒಮ್ಮೊಮ್ಮೆ ಮಾಯವಾಗುತ್ತಿತ್ತು. ಯಾವಾಗ, ಯಾಕೆ — ನಿಮಗೆ ಹೇಳಲಾಗುತ್ತಿರಲಿಲ್ಲ. ಆದ್ದರಿಂದ ನೀವು ಪರದೆ ನೋಡಿದ ಮೇಲೂ ಫೋನ್ ಮಾಡಿ ಕೇಳುತ್ತಿದ್ದಿರಿ, ಪ್ರತಿ ಸಲ. ಹುಕ್ಕೇರಿಯ ಕಂಪೌಂಡರ್ ಗುರುಸಿದ್ದಪ್ಪ, ಬೆಲ್ಲದ ಬಾಗೇವಾಡಿಯವನು, ನಗೆಗಾರ — ಅವನಿಗೂ ಸಾಕಾಗಿತ್ತು. “ಅಕ್ಕಾರ, ಪರದೆ ಮ್ಯಾಲ ಐತಲ್ರೀ! ನಾ ಇಲ್ಲಿ ಸೂಜಿ ಚುಚ್ಚಲ್ಯೋ, ನಿಮ್ಮ ಫೋನ್ ಎತ್ತಲ್ಯೋ?”

ಒಂದು ದಿನ ಔಷಧದ ಮಾಲು ತರಲು ಗೋಕಾಕಿಗೆ ಬಂದ ನೀವು ಸೀದಾ ಕ್ಲಾಸಿನೊಳಗೆ ಬಂದಿರಿ. ಹುಡುಗಿಯರು ಟೈಪು ಮಾಡುವುದನ್ನು ನಿಲ್ಲಿಸಿ ನೋಡಿದರು.

“ಏ ತಮ್ಮಾ, ನಿನ್ನ ಯಂತ್ರಕ್ಕ ಮರವಿನ ರೋಗ ಹತ್ತೈತಿ ನೋಡು,” ಎಂದಿರಿ ಶ್ರೀಕಾಂತನಿಗೆ.

“ನೀವಽ ಬರಿವಾಗ ತಪ್ಪ ಮಾಡಿರ್ತೀರಿ, ಅಕ್ಕಾರ. ನನ್ನ ಕಡೆ ಹಂಗ ಆಗಂಗಿಲ್ಲ.”

“ನಿನ್ನ ಕಡೆ ಹಾವು ಬರೂದಿಲ್ಲಪ್ಪ, ಅದಕ್ಕ ಆಗಂಗಿಲ್ಲ.”

ಹುಡುಗಿಯರು ನಕ್ಕರು. ಶ್ರೀಕಾಂತನ ಕಿವಿ ಕೆಂಪಾದವು. “ಹಂಗಾದ್ರ ಪಗಾರ ಕೊಟ್ಟು ಯಾರನರ ಇಟ್ಕೋರಿ. ನಾ ಪುಕ್ಕಟ ದುಡದು, ಮ್ಯಾಲ ಬೈಸ್ಕೋಬೇಕೇನು?”

“ಪುಕ್ಕಟ ಕೊಟ್ಟಿ ಅಂತ ಕೆಟ್ಟ ಹಾಲ ಕುಡೀಬೇಕೇನೋ?”

ನೀವು ಹೋದ ಮೇಲೆ ಅವನು ಕಂಪ್ಯೂಟರ್ ಆರಿಸಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: “ಇನ್ನೊಂದ್ ಸಲ ಹಿಂಗ ಅಂದ್ರ ನಾ ಬಿಡ್ತೇನ್ರಿ, ಮಾಸ್ತರ.”

ನಿಮ್ಮ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೀವು ಕಂಡದ್ದನ್ನು ಹೇಳುತ್ತಿದ್ದಿರಿ. ಅವನು ಎದುರಿಗೆ ಕೂತಾಗ ಅದು ಒಮ್ಮೆಯೂ ಹಾಗೆ ಆಗಿರಲಿಲ್ಲ. ನಡುವೆ ಒಂದು ಸಣ್ಣ ಕತ್ತಲೆ ಇತ್ತು, ಅಷ್ಟೆ — ಅದರೊಳಗೆ ಏನಿದೆ ಎಂದು ಕೆಲವೇ ದಿನಗಳಲ್ಲಿ ನನಗೆ ತಿಳಿಯಿತು. ನನಗೊಬ್ಬನಿಗೇ.

ಹುಕ್ಕೇರಿಯ ಬಸ್ಸಿನ ಕಂಡಕ್ಟರ್ ಒಂದು ಫ್ಲಾಪಿಯನ್ನು ನನಗೆ ಕೊಡಲು ಮರೆತು, ಕಿಸೆಯಲ್ಲೇ ಇಟ್ಟುಕೊಂಡು ಯಮಕನಮರಡಿಯ ಪಾಳಿಗೆ ಹೋಗಿಬಿಟ್ಟಿದ್ದ. ಗುರುಸಿದ್ದಪ್ಪ ಮರುದಿನ ಹೊಸದನ್ನು ಕಳಿಸಿದ, ಅದನ್ನು ಹಾಕಿದೆ. ಅದರ ಬೆನ್ನಿಗೇ ಮರೆತ ಫ್ಲಾಪಿಯೂ ಬಂತು. ಯೋಚಿಸದೆ ಅದನ್ನೂ ಹಾಕಿದೆ. ಹುಕ್ಕೇರಿಯಲ್ಲಿ ಮುಗಿದಿದ್ದ ಇಂಜೆಕ್ಷನ್ ಪರದೆಯ ಮೇಲೆ ಎದ್ದು ಕೂತಿತು.

ಹೊಸದನ್ನು ಹಾಕಿದೆ — ಹೋಯಿತು. ಹಳೆಯದನ್ನು ಹಾಕಿದೆ — ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಮಧ್ಯಾಹ್ನದ ಬಿಸಿಲಲ್ಲಿ, ಯಾರೂ ಇಲ್ಲದ ಕ್ಲಾಸಿನಲ್ಲಿ, ಇನ್ನೊಮ್ಮೆ ಹಾಕಿ ನೋಡಿದೆ. ಪ್ರೋಗ್ರಾಮು ಯಾವ ಫ್ಲಾಪಿ ಯಾವಾಗಿನದು ಎಂದು ಕೇಳುತ್ತಲೇ ಇರಲಿಲ್ಲ. ಕೊನೆಗೆ ಬಂದದ್ದೇ ನಿಜ ಎಂದು ನಂಬುತ್ತಿತ್ತು. ಹಳೆಯ ಸುದ್ದಿ ತಡವಾಗಿ ಬಂದರೆ ಹೊಸ ಸುದ್ದಿಯನ್ನು ಕೊಂದು ಅದರ ಜಾಗದಲ್ಲಿ ಕೂರುತ್ತಿತ್ತು.

(ನನ್ನ ನೆನಪೂ ಹೀಗೆಯೇ ಎಂದು ಇಲ್ಲಿ ಬರೆಯುವ ಆಸೆಯಾಗುತ್ತಿದೆ. ಆ ಹೋಲಿಕೆ ನನಗೆ ತುಂಬ ಅನುಕೂಲ. ಅನುಕೂಲವಾದದ್ದರಿಂದಲೇ ಬಿಡುತ್ತೇನೆ.)

ಶ್ರೀಕಾಂತನನ್ನು ಕರೆದು ತೋರಿಸಬೇಕಿತ್ತು. ನಿಮಗೆ ಫೋನ್ ಮಾಡಿ ‘ನೀವು ಹೇಳಿದ್ದು ಖರೆ’ ಎನ್ನಬೇಕಿತ್ತು. ಎರಡೂ ಮಾಡಲಿಲ್ಲ. ಹುಡುಗಿಯರ ಮುಂದೆ ಅವಮಾನವಾದವನು ಈಗ ತಪ್ಪೂ ಅವನದೇ ಎಂದು ಗೊತ್ತಾದರೆ ಬಿಟ್ಟು ಹೋಗುತ್ತಾನೆ, ಅವನು ಹೋದರೆ ಎಲ್ಲವೂ ನಿಲ್ಲುತ್ತದೆ — ಹಾಗೆ ಲೆಕ್ಕ ಹಾಕಿದೆ. ಇದು ನಾನು ಹತ್ತಾರು ವರ್ಷ ನನಗೇ ಹೇಳಿಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿದೆ. ನೀವು ಅವನ ಮೇಲಿನ ದೂರು ತಂದದ್ದು ನನ್ನ ಬಳಿ. ಅವನು ನಿಮ್ಮ ಮೇಲಿನ ಸಿಟ್ಟು ತೋಡಿಕೊಂಡದ್ದು ನನ್ನ ಬಳಿ. ನಡುವೆ ನಿಂತವನಿಗೆ ಒಂದು ರುಚಿ ಹತ್ತುತ್ತದೆ, ವೈನಿ. ನಿಮ್ಮಿಬ್ಬರ ನಡುವಿನ ಗೋಡೆ ಬಿದ್ದರೆ ನನ್ನನ್ನು ಯಾರು ಕೇಳುತ್ತಾರೆ —

ದೋಷವನ್ನು ತಿದ್ದಿಸುವ ಬದಲು ಜಗಳವನ್ನು ಬಗೆಹರಿಸಲು ಹೊರಟೆ.

ನನ್ನ ಅಪ್ಪ ನಮ್ಮ ಊರಿನಲ್ಲಿ ಪಂಚರಲ್ಲಿ ಒಬ್ಬ. ಬದುವಿನ ಜಗಳ, ಅಣ್ಣತಮ್ಮಂದಿರ ಜಗಳ — ಎಲ್ಲ ಮಾತು ಮುಗಿದ ಮೇಲೆ ನಡುವೆ ಒಂದು ತಾಟು ಇಡುತ್ತಿದ್ದರು. ಎರಡೂ ಕಡೆಯವರು ಅದರಿಂದ ಎಲೆ-ಅಡಿಕೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಆ ಮಾತು ಸತ್ತಂತೆ. ಆಮೇಲೆ ಅದನ್ನು ಯಾರು ಎತ್ತಿದರೂ ತಪ್ಪು ಎತ್ತಿದವನದೇ. ಮೊದಲು ನ್ಯಾಯ ಯಾರ ಕಡೆಗಿತ್ತು ಎಂದು ಯಾರೂ ಕೇಳುವುದಿಲ್ಲ. ಆ ತಾಟಿನ ಮೇಲೆ ನನಗೆ ಅಪಾರ ನಂಬಿಕೆ. ಮನುಷ್ಯರ ಜಗಳ ಅದರಿಂದ ನಿಲ್ಲುವುದನ್ನು ಕಂಡಿದ್ದೆ. ಜಗಳ ನಿಂತರೂ ಯಂತ್ರದೊಳಗಿನದು ನಿಲ್ಲುವುದಿಲ್ಲ ಎಂಬುದು — ಗೊತ್ತಿತ್ತು. ಗೊತ್ತಿತ್ತು, ಆದರೂ ತಾಟು ಇಟ್ಟೆ.

ರವಿವಾರ. ಟೈಪ್‌ರೈಟರುಗಳಿಗೆಲ್ಲ ಮುಸುಕು ಹಾಕಿತ್ತು. ನೀವು, ಶ್ರೀಕಾಂತ, ಗುರುಸಿದ್ದಪ್ಪ, ನಾನು. ಎಲ್ಲರಿಗೂ ಕರದಂಟು, ಚಹಾ. ನನ್ನ ತೀರ್ಮಾನ ಹೇಳಿದೆ: ಶ್ರೀಕಾಂತ ಕೆಲಸ ಬಿಡಬಾರದು. ವೈನಿ ಇನ್ನು ಮೇಲೆ ಪ್ರೋಗ್ರಾಮಿನಲ್ಲಿ ತಪ್ಪಿದೆ ಎನ್ನಬಾರದು, ಪ್ರತಿಯೊಂದಕ್ಕೂ ಫೋನ್ ಮಾಡಬಾರದು. “ಪರದೆ ಮ್ಯಾಲ ಇದ್ದದ್ದು ಖರೆ ಅಂತ ನಡೀರಿ.”

“ಆತು ಬಿಡ್ರಿ, ನನ್ನ ಫೋನಿಗೆ ಸೂಟಿ ಸಿಕ್ಕಂಗಾತು,” ಎಂದ ಗುರುಸಿದ್ದಪ್ಪ.

ನೀವು ನಗಲಿಲ್ಲ. “ಮಾಸ್ತರ, ಒಂದ್ ಮಾತ ಕೇಳ್ತೇನಿ. ನಿಮಗ ಖರೆ ಏನ ಅನಸ್ತೈತಿ? ತಪ್ಪ ನಂದೋ, ಅದರದೋ?”

ಎಲ್ಲರೂ ನನ್ನನ್ನು ನೋಡಿದರು. ಶ್ರೀಕಾಂತನೂ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಆತುರ ಇತ್ತು — ಇದನ್ನು ಈಗ ಕಾಣುತ್ತಿದ್ದೇನೋ, ಆಗಲೂ ಕಂಡಿದ್ದೆನೋ.

“ತಪ್ಪ ಯಾರದೂ ಅಲ್ರಿ, ವೈನಿ,” ಎಂದೆ.

ತಾಟು ಸರಿಸಿದೆ. ಶ್ರೀಕಾಂತ ಎಲೆಗೆ ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿಕೊಂಡ. ನೀವು ಕೈ ಮುಂದೆ ಮಾಡಲಿಲ್ಲ. “ಚಾತುರ್ಮಾಸ ಐತ್ರಿ. ನಾ ಎಲಿ ಮುಟ್ಟಾಂಗಿಲ್ಲ.”

ಮಳೆಗಾಲದ ನಾಲ್ಕು ತಿಂಗಳು ಹಸಿರೆಲೆ ತಿನ್ನದ ನಿಮ್ಮ ಜೈನರ ವ್ರತ ನನಗೆ ಗೊತ್ತಿತ್ತು, ಮರೆತಿದ್ದೆ. “ಹಂಗಾದ್ರ ಅಡಿಕಿನರ ತಗೋರಿ,” ಎಂದೆ.

ನೀವು ಒಂದು ಅಡಿಕೆ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದಿರಿ. ಬಾಯಿಗೆ ಹಾಕಿಕೊಂಡಿರೋ ಇಲ್ಲವೋ, ನೋಡಲಿಲ್ಲ. ಎಷ್ಟೋ ವರ್ಷ ನನ್ನ ನೆನಪಿನಲ್ಲಿ ನೀವು ಎಲೆ ತೆಗೆದುಕೊಳ್ಳುತ್ತಿದ್ದಿರಿ — ಹಸಿರು ಎಲೆ, ಬಳೆ ಹಾಕಿದ ಕೈ, ಎಲ್ಲ ಸ್ಪಷ್ಟ. ಅದು ಸುಳ್ಳು ಚಿತ್ರ. ನೀವು ತೆಗೆದುಕೊಂಡದ್ದು ಬರೀ ಅಡಿಕೆ.

ಆಮೇಲೆ ನಾನೊಂದು ಕಾವಲು ಶುರು ಮಾಡಿದೆ. ಗುರುಸಿದ್ದಪ್ಪ ಫ್ಲಾಪಿಯ ಮೇಲಿನ ಚೀಟಿಯಲ್ಲಿ ವಾರದ ಹೆಸರು ಬರೆಯುತ್ತಿದ್ದ. ಅದನ್ನು ನೋಡಿ, ಹಳೆಯದನ್ನು ಬದಿಗಿಟ್ಟು, ಹೊಸದನ್ನಷ್ಟೇ ಹಾಕುವುದು. ದೋಷ ಒಳಗೇ ಇತ್ತು; ಬಾಗಿಲಲ್ಲಿ ನಾನು ಕೂತಿದ್ದೆ. ನಾನು ಎಚ್ಚರವಿರುವಷ್ಟು ಕಾಲ ಏನೂ ಆಗುವುದಿಲ್ಲ ಎಂದುಕೊಂಡೆ. ಎಚ್ಚರ ಎಷ್ಟು ಬೇಗ ರೂಢಿಯಾಗುತ್ತದೆ, ರೂಢಿ ಎಷ್ಟು ಬೇಗ ಕಣ್ಣು ಮುಚ್ಚುತ್ತದೆ —

ಒಂದು ದಿನ ನಿಮ್ಮ ಫೋನ್ ಬಂತು. ಬಹುಶಃ ನಾನು ಆಗಲೇ ಒಮ್ಮೆ ತಪ್ಪಿದ್ದೆ, ನನಗೇ ಗೊತ್ತಾಗದೆ.

“ಮಾಸ್ತರ, ಮತ್ತ ಹಂಗಽ ಆಗೈತ್ರಿ. ಹುಕ್ಕೇರಿದು —”

ನಿಮ್ಮ ಮಾತು ಮುಗಿಯಲು ಬಿಡಲಿಲ್ಲ.

“ವೈನಿ, ಎಲಿ ತಗೊಂಡೀರಲ್ರೀ?”

ನೀವು ‘ನಾ ಎಲಿ ಎಲ್ಲಿ ತಗೊಂಡೇನಿ’ ಎನ್ನಬಹುದಿತ್ತು. ಅನ್ನಲಿಲ್ಲ. “ಹೂಂ, ತಗೊಂಡೇನಿ ಬಿಡ್ರಿ,” ಎಂದು ಇಟ್ಟುಬಿಟ್ಟಿರಿ. ಆಮೇಲೆ ನೀವು ಮತ್ತೆಂದೂ ದೂರಲಿಲ್ಲ. ಜಗಳ ಬಗೆಹರಿಯಿತೆಂದು ನಾನು ಎದುರಿನ ಡಾಕ್ಟರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೆ.

ಈಗ ಆ ದಿನ.

ಹುಕ್ಕೇರಿಯಿಂದ ಎರಡು ಫ್ಲಾಪಿ ಒಟ್ಟಿಗೆ ಬಂದವು, ರಬ್ಬರ್ ಹಾಕಿ ಕಟ್ಟಿ. ಒಂದು ಕಂಡಕ್ಟರ್ ಮರೆತು ಉಳಿಸಿಕೊಂಡದ್ದು, ಒಂದು ಅಂದಿನದು. ಕ್ಲಾಸು ತುಂಬಿತ್ತು, ಪರೀಕ್ಷೆ ಹತ್ತಿರ ಬಂದು ಎಲ್ಲ ಯಂತ್ರಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಚೀಟಿ ನೋಡಿದೆ ಎಂದು ಒಂದು ನೆನಪು ಹೇಳುತ್ತದೆ. ನೋಡಲಿಲ್ಲ ಎಂದು ಇನ್ನೊಂದು. ಮೊದಲು ಹೊಸದನ್ನು ಹಾಕಿದೆ, ಆಮೇಲೆ ಹಳೆಯದನ್ನು — ಇದರಲ್ಲಿ ಮಾತ್ರ ಅನುಮಾನವಿಲ್ಲ. ಪರದೆಯನ್ನು ನೋಡದೆ ಪ್ರತಿ ಮಾಡಿ ಮೂಡಲಗಿಯ ಬಸ್ಸಿಗೆ ಕೊಟ್ಟೆ.

ನೀವು ಅದನ್ನು ನಿಮ್ಮ ಕಂಪ್ಯೂಟರಿಗೆ ಹಾಕಿದಿರಿ. ಗೋಕಾಕ: ಇಲ್ಲ. ಹುಕ್ಕೇರಿ: ಇದೆ. ನಿಮ್ಮಲ್ಲಿಯಂತೂ ಮೊದಲೇ ಮುಗಿದಿತ್ತು. ನಿಜ ಇದ್ದದ್ದು ಪೂರಾ ತಲೆಕೆಳಗು: ಹುಕ್ಕೇರಿಯಲ್ಲಿ ಮುಗಿದಿತ್ತು, ಗೋಕಾಕಿಗೆ ಹೊಸದು ಬಂದಿತ್ತು. ಹಳೆಯ ಫ್ಲಾಪಿ ಗೋಕಾಕಿನ ಸಾಲನ್ನೂ ಹಿಂದಕ್ಕೆ ಎಳೆದಿತ್ತು.

ಮಧ್ಯಾಹ್ನದ ಮೇಲೆ ನಿಮ್ಮ ಅಂಗಡಿಗೆ ಒಂದು ಜೀಪು ಬಂತು. ಲಗಮಪ್ಪ, ಕುರಿ ಕಾಯುವವನು. ಮೇವಿನ ಹೊರೆ ಎತ್ತುವಾಗ ಮುಂಗೈಗೆ ಕಡಿದಿತ್ತು. ಜೊತೆಯಲ್ಲಿ ಅವನ ಹೆಂಡತಿ ಯಲ್ಲವ್ವ. ನೀವು ಪರದೆ ನೋಡಿ ಹುಕ್ಕೇರಿಗೆ ಕಳಿಸಿದಿರಿ.

ನನಗೆ ತಿಳಿದದ್ದು ಗುರುಸಿದ್ದಪ್ಪನ ಫೋನಿನಿಂದ. ಅವನ ದನಿಯಲ್ಲಿ ನಗೆ ಇರಲಿಲ್ಲ. “ಮಾಸ್ತರ, ಮೂಡಲಗಿದೊಂದು ಜೀಪ್ ಬಂದೈತಿ. ಹುಳ ಮುಟ್ಟೇತಿ. ನನ್ನ ಕಡೆ ಎಲ್ಲಿದಾವ್ರಿ ಇಂಜೆಕ್ಷನ್? ಯಾವಾಗೋ ಮುಗದಾವು. ಪದ್ಮಕ್ಕಾರು ಹೆಂಗ ಕಳಿಸಿದ್ರು? ನಿಮ್ಮ ಕಡೆ ಅದಾವೇನು?”

ಪರದೆ ನೋಡಿದೆ. ಗೋಕಾಕ: ಇಲ್ಲ. ಕಿಟಕಿಯಿಂದ ನೋಡಿದೆ. ರಸ್ತೆಯ ಆಚೆ ದವಾಖಾನೆ. ಆ ಪೆಟ್ಟಿಗೆ ಬಂದಿಳಿದದ್ದನ್ನು ನಾನೇ ಕಂಡಿದ್ದೆ.

“ಅದಾವು. ಹೊಳ್ಳಿ ಕಳಸ್ರಿ. ಲಗೂನ,” ಎಂದೆ.

ಜೀಪಿನವರು ಹೋಗುವಾಗ ಗೋಕಾಕಿನ ಸಮೀಪದ ಲೋಳಸೂರಿನವರೆಗೆ ಬಂದು, ಹೊಳೆಯ ಆಚೆ ಗೋಕಾಕನ್ನು ಬಿಟ್ಟು, ಘಟಪ್ರಭಾದ ದಾರಿ ಹಿಡಿದು ಹೋಗಿದ್ದರು. ಈಗ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು.

ಇನ್ನು ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೂ ಇಲ್ಲ. ಫೋನ್ ಇಟ್ಟ ಮೇಲೆ ಮಾಡಬೇಕಾದ್ದು ಒಂದೇ: ರಸ್ತೆ ದಾಟಿ, ಇಂಜೆಕ್ಷನ್ ಸಮೇತ ಡಾಕ್ಟರನ್ನು ಕರೆದುಕೊಂಡು ಘಟಪ್ರಭಾದ ಕಡೆ ಹೊರಡುವುದು. ಅವರ ಕಾರು ಬಾಗಿಲಲ್ಲೇ ನಿಂತಿತ್ತು. ಅರ್ಧ ದಾರಿಯಲ್ಲಿ ಜೀಪು ಸಿಗುತ್ತಿತ್ತು.

ನಾನು ಕಂಪ್ಯೂಟರಿನ ಮುಂದೆ ಕೂತೆ. ಎರಡೂ ಫ್ಲಾಪಿಗಳನ್ನು ಹುಡುಕಿದೆ. ಹೊಸದನ್ನು ಮತ್ತೆ ಹಾಕಿದೆ. ಗೋಕಾಕ: ಇದೆ. ಹುಕ್ಕೇರಿ: ಇಲ್ಲ. ಪ್ರತಿ ಮಾಡಿದೆ, ಬಸ್‌ಸ್ಟ್ಯಾಂಡಿಗೆ ನಡೆದೆ, ಮೂಡಲಗಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಅವನು ಎಂದಿನಂತೆ ಹಾವಿನ ನಗೆಮಾತು ಆಡಿದ. ನಾನೂ ನಕ್ಕೆ. ನಕ್ಕದ್ದು ನೆನಪಿದೆ. ಹಳೆಯ ಫ್ಲಾಪಿಯನ್ನು ಅಲ್ಲೇ ಗಟಾರಕ್ಕೆ ಎಸೆದೆ. ಆಮೇಲೆ — ಆಮೇಲೆ — ಡಾಕ್ಟರ ಹತ್ತಿರ ಹೋದೆ.

“ಎಷ್ಟೊತ್ತಾತು ಹೊಂಟು? ಮೊದಲಽ ಹೇಳಿದ್ರ ನಾನಽ ಎದುರ ಹೋಗ್ತಿದ್ನಲ್ರೀ!” ಎಂದರು ಅವರು, ಪೆಟ್ಟಿಗೆ ಒಡೆಯುತ್ತ.

“ಈಗಽ ಫೋನ್ ಬಂತ್ರಿ, ಡಾಕ್ಟರ,” ಎಂದೆ.

ಲಗಮಪ್ಪ ಆಗ ಬದುಕಿದ್ದ. ನಾನು ಫ್ಲಾಪಿ ಹಾಕುವಾಗ, ಪ್ರತಿ ಮಾಡುವಾಗ, ನಗುವಾಗ, ಅವನು ದಾರಿಯ ಮೇಲೆ ಎಲ್ಲೋ ಉಸಿರಾಡುತ್ತಿದ್ದ.

ನಾವು ಬಾಗಿಲಲ್ಲಿ ನಿಂತೆವು. ಜೀಪು ಬಂತು. ಅವಸರದಿಂದ ಬರಲಿಲ್ಲ. ಹಾರ್ನ್ ಹಾಕಲಿಲ್ಲ. ಎತ್ತಿನ ಗಾಡಿಯೊಂದಕ್ಕೆ ದಾರಿ ಬಿಟ್ಟುಕೊಟ್ಟು, ನಿಧಾನಕ್ಕೆ ಬಂದು ನಿಂತಿತು. ಅದನ್ನು ನೋಡಿಯೇ ಡಾಕ್ಟರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

ಹಿಂದೆ ಯಲ್ಲವ್ವ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು; ಕಂಬಳಿ ಎಳೆದು ಮುಖ ಮುಚ್ಚಿದ್ದಳು. ಇಳಿಯಲಿಲ್ಲ. ಡಾಕ್ಟರ ಹಿಂದಿನ ಬಾಗಿಲು, ಒಡೆದ ಪೆಟ್ಟಿಗೆ, ನಾನು — ಎಲ್ಲವನ್ನೂ ನೋಡಿದಳು.

“ಇಲ್ಲಿ ಇತ್ತಂತಲ್ರೀ?” ಎಂದಳು. ಅಷ್ಟೇ.

ಮೊದಲೇ ಗೋಕಾಕಿಗೆ ಬಂದಿದ್ದರೆ ಅವನು ಬದುಕುತ್ತಿದ್ದನೇ? ಗೊತ್ತಿಲ್ಲ. ಈ ‘ಗೊತ್ತಿಲ್ಲ’ದ ನೆರಳಿನಲ್ಲಿ ಬಹಳ ವರ್ಷ ತಣ್ಣಗೆ ಕೂತೆ.

ಅಂದು ಸಂಜೆ ಬಸ್ಸಿನಿಂದ ಬಂದ ಫ್ಲಾಪಿಯನ್ನು ನೀವು ಎಂದಿನ ರೂಢಿಯಂತೆ ಹಾಕಿದಿರಿ. ನಿಮ್ಮ ಕಣ್ಣೆದುರೇ ನಿಮ್ಮ ಸಾಕ್ಷಿ ಅಳಿಸಿಹೋಯಿತು. ನಿಮ್ಮ ಕೈಯಿಂದಲೇ ಅಳಿಸುವಂತೆ ಮಾಡಿದೆ.

ಆಮೇಲೆ ನನ್ನ ಕ್ಲಾಸಿನಲ್ಲಿ ಎಲ್ಲರೂ ಸೇರಿದೆವು. ತಾಟು ಇಟ್ಟಿದ್ದ ಅದೇ ಮೇಜು. ನೀವು ಗಟ್ಟಿಯಾಗಿ ಹೇಳಿದಿರಿ, “ಗೋಕಾಕ ಇಲ್ಲ, ಹುಕ್ಕೇರಿ ಐತಿ, ಅಂತಽ ಇತ್ರಿ. ನಾ ನೋಡೇನಿ.”

ಶ್ರೀಕಾಂತ ಈ ಸಲ ಚುಚ್ಚಲಿಲ್ಲ. ಮೆತ್ತಗೆ ಹೇಳಿದ, “ನಿಮ್ಮ ಕಂಪ್ಯೂಟರದಾಗೂ ಸರಿ ಐತ್ರಿ, ಅಕ್ಕಾರ. ನಾ ನಿನ್ನೆ ಬಂದು ನೋಡೇನಲ್ಲ.”

ನೀವು ನನ್ನ ಕಡೆ ತಿರುಗಿದಿರಿ. “ಮಾಸ್ತರ?”

ನಾನು ಟೈಪ್‌ರೈಟರಿನ ಮುಸುಕಿನ ಮೇಲಿನ ಧೂಳನ್ನು ಒರೆಸುತ್ತಿದ್ದೆ.

ಆಗ ನಿಮ್ಮ ದನಿ ಬಂತು, ಬೇರೆ ಯಾರದೋ ಎಂಬಂತೆ: “ಹಂಗಾದ್ರ ನಾನಽ ಸಾಲು ತಪ್ಪಿ ಓದಿರಬೇಕು. ಗಾಬರಿ ಒಳಗ.”

ಆ ವಾಕ್ಯವನ್ನು ನಿಮ್ಮ ಬಾಯಲ್ಲಿ ಇಟ್ಟವನು ನಾನು. ಊರು ಅದನ್ನು ಎತ್ತಿಕೊಂಡಿತು. ‘ಔಷಧದ ಅಂಗಡಿಯಾಕಿ ತಪ್ಪ ಓದಿ ಒಬ್ಬನ ಜೀವಾ ಕಳದ್ಲು’ ಎಂದು ಬಸ್ಸಿನಲ್ಲಿ ಯಾರೋ ಹೇಳುವುದನ್ನು ನಾನೇ ಕೇಳಿದ್ದೇನೆ, ಕೇಳಿ ಕಿಟಕಿಯ ಹೊರಗೆ ನೋಡಿದ್ದೇನೆ.

ನೀವೆಲ್ಲ ಹೋದ ಮೇಲೆ ಶ್ರೀಕಾಂತ ಉಳಿದ. “ಮಾಸ್ತರ, ಯಾರರ ಒಬ್ರು ಬಾಜೂ ಕುಂತು, ಹಿಂಗ ಮಾಡಿದ್ರ ಹಿಂಗ ಆಗತೈತಿ ಅಂತ ತೋರಿಸಿದ್ರ ನಾ ಅವತ್ತಽ ರಿಪೇರಿ ಮಾಡ್ತಿದ್ದೆ. ಬರೀ ‘ತಪ್ಪೈತಿ, ತಪ್ಪೈತಿ’ ಅಂದ್ರ ಎಲ್ಲಿ ಹುಡಕಲಿ? ನನಗೇನು ಸಿಟ್ಟು ದೊಡ್ಡದಲ್ರೀ.”

ಅವನು ಬಿಟ್ಟು ಹೋಗುವವನೇ ಆಗಿರಲಿಲ್ಲ. ನನ್ನ ಇಡೀ ಲೆಕ್ಕ ಸುಳ್ಳು.

ಕೆಲವು ದಿನ ಬಿಟ್ಟು, ಸುಮ್ಮನೆ ನೆನಪಾದವನಂತೆ ಹೇಳಿದೆ, “ಹಳೇ ಫ್ಲಾಪಿ ಆಮ್ಯಾಲ ಬಂದ್ರ ಏನಾಕೈತಿ, ನೋಡಿಯೇನು?” ಅವನು ಹಾಕಿ ನೋಡಿದ. ಇನ್ನೊಮ್ಮೆ ಹಾಕಿದ. ಕೂತಲ್ಲಿಂದ ಏಳದೆ ಸರಿ ಮಾಡಿದ. ಅವನಿಗೆ ತರಿಸಿದ ಚಹಾ ಇನ್ನೂ ಪೂರ್ತಿ ಆರಿರಲಿಲ್ಲ. ನಿಮ್ಮ ಅಷ್ಟು ದಿನದ ಫೋನುಗಳು, ಜಗಳ, ತಾಟು, ಲಗಮಪ್ಪ — ಎಲ್ಲದರ ಮದ್ದು ಅಷ್ಟೇ ಇತ್ತು.

“ಹಂಗಾದ್ರ ಅವತ್ತ ಅಕ್ಕಾರು —” ಎಂದು ಅವನು ಶುರು ಮಾಡಿದ.

“ಅವತ್ತ ಸರಿ ಇತ್ತಲ್ಲೋ. ನೀನಽ ನೋಡಿದಿ,” ಎಂದೆ.

ಅವನು ನನ್ನನ್ನು ನೋಡಿದ ನೋಟ ನೆನಪಿದೆ. ಆಮೇಲೆ ಕ್ಲಾಸಿಗೆ ಬರುವುದನ್ನು ಬಿಟ್ಟ. ಬಿಟ್ಟು ಹೋಗುತ್ತಾನೆ ಎಂದು ಹೆದರಿ ಏನೆಲ್ಲ ಮಾಡಿದೆನೋ, ಅದರಿಂದಲೇ ಹೋದ.

ನೀವು ಅಂಗಡಿಯ ಗಲ್ಲೆಯ ಮೇಲೆ ಮತ್ತೆ ಕೂರಲಿಲ್ಲ. ಈಗ ನಿಮ್ಮ ಮೈದುನ ನಡೆಸುತ್ತಾರೆ. ಒಮ್ಮೆ ಗೋಕಾಕಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡೆ. ಎದುರಿಗೇ ಬಸ್ಸು, ಆಳೆತ್ತರದ ಅಕ್ಷರಗಳಲ್ಲಿ ಬೋರ್ಡು. ನೀವು ಪಕ್ಕದ ಹುಡುಗಿಯನ್ನು ಕೇಳಿದಿರಿ: “ಇದು ಮೂಡಲಗಿ ಬಸ್ಸೇನವ್ವಾ? ಖರೆ ನೋಡಿ ಹೇಳು.” ಆ ಹುಡುಗಿ ವಿಚಿತ್ರವಾಗಿ ನೋಡಿದಳು. ನಾನು ಕಂಬದ ಹಿಂದೆ ಸರಿದೆ.

ಇಷ್ಟು ಕಂಡ ಮೇಲೂ ಬರೆಯಲಿಲ್ಲ. ಬರೆಯುತ್ತಿರುವುದು ಯಲ್ಲವ್ವನಿಂದ. ಹೋದ ವಾರ ಹೋಗಿದ್ದೆ — ಮೂಡಲಗಿಯ ಆಚೆ, ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಅವಳ ಕುರಿ ನಿಲ್ಲಿಸಿದ್ದರು. ಧೈರ್ಯ ಬಂದು ಹೋದದ್ದಲ್ಲ. ವಯಸ್ಸಾಯಿತು, ರಾತ್ರಿ ಆ ಜೀಪು ಬರುತ್ತಲೇ ಇರುತ್ತದೆ, ಅದೇ ನಿಧಾನದಲ್ಲಿ, ತಾಳಲಾಗಲಿಲ್ಲ. ನಿಂತೇ ಎಲ್ಲ ಹೇಳಿದೆ. ಗೋಕಾಕಿನಲ್ಲಿ ಇತ್ತು ಎಂದೆ. ನಾನು ಕೂತು ಏನು ಮಾಡಿದೆ ಎಂಬುದನ್ನೂ ಹೇಳಿದೆ.

ಅವಳು ಕೂರಲು ಹೇಳಲಿಲ್ಲ. ನೀರು ಕೊಡಲಿಲ್ಲ. ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದವಳು ತೆಗೆಯುತ್ತಲೇ ಇದ್ದಳು.

“ಅವತ್ತ ಆ ಅಕ್ಕ ಫೋನಿಗೆ ಕೈ ಹಾಕಿದ್ಲು,” ಎಂದಳು ಕೊನೆಗೆ. “ತಗೊಂಡಿದ್ಲು ಕೈಯಾಗ. ಮತ್ತ ಇಟ್ಟಳು. ಯಾಕ ಇಟ್ಟಳು ಅಂತ ನಾ ಇಷ್ಟ ವರ್ಷ ಕೇಳ್ಕೋತ ಕುಂತೇನಿ.”

ನನಗೆ ಗೊತ್ತಿತ್ತು ಯಾಕೆ ಎಂದು.

“ಅಕಿಗೆ ಹೇಳೀರೇನು?” ಎಂದಳು.

ಇಲ್ಲ ಎಂದೆ. ಅವಳು ಮರಿಯನ್ನು ಬಿಟ್ಟಳು. ಅದು ಕುಂಟುತ್ತ ಹಿಂಡಿನೊಳಗೆ ಹೋಯಿತು. ಮತ್ತೆ ನನ್ನ ಕಡೆ ನೋಡಲಿಲ್ಲ.

ನೀವು ಫೋನ್ ಕೈಗೆತ್ತಿಕೊಂಡು ಇಟ್ಟದ್ದು ನಾನು ಹೇಳಿದ್ದಕ್ಕೆ, ವೈನಿ. ನೀವು ತೆಗೆದುಕೊಳ್ಳದ ಎಲೆಯನ್ನು ನಿಮ್ಮ ಮೇಲೆ ಹೊರಿಸಿದ್ದಕ್ಕೆ. ನಿಮ್ಮ ಕಣ್ಣೂ ಸರಿಯಿತ್ತು, ಫೋನಿನ ಕಡೆ ಹೋದ ಕೈಯೂ ಸರಿಯಿತ್ತು.

ನಾನು ಮೂಡಲಗಿಗೆ ಬರುತ್ತೇನೆ. ನಿಮ್ಮ ಮೈದುನರೆದುರು, ಅಂಗಡಿಯ ಕಟ್ಟೆಯ ಮೇಲೆ ಕೂರುವವರೆದುರು ಇದೆಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ತಾಟು ತರುವುದಿಲ್ಲ. ಈ ಮಾತು ಮುಗಿಯಬೇಕಾಗಿಲ್ಲ. ನೀವು ಬೇಕಾದಾಗಲೆಲ್ಲ ಎತ್ತಿ, ಯಾರೆದುರಾದರೂ ಎತ್ತಿ. ನಾನು ಎದುರಿಗಿರುತ್ತೇನೆ.

ಅದಕ್ಕೂ ಮೊದಲು ಒಂದು. ಇದು ನಿಮ್ಮ ಕೈಗೆ ಬಂದಾಗ ಪಕ್ಕದವರಿಗೆ ಕೊಟ್ಟು ಓದಿಸಿಕೊಳ್ಳಬೇಡಿ. ನೀವೇ ಓದಿ.